ಪುಣೆಯ ಹಳೆಯ ಆಡಿ ಟಿಟಿಗೆ ಎಷ್ಟು ಕೊಡಬಹುದು?

ಪುಣೆಯಲ್ಲಿ ನೋಂದಣಿಯಾದ 2016ರ ಆಡಿ ಟಿಟಿ ಎಂಬ ಸ್ಪೋರ್ಟ್ಸ್ ಕಾರನ್ನು ದಾವಣಗೆರೆಗೆ ತರಬೇಕೆಂದಿರುವ ತಾವು, ಅದು 31,000 ಕಿಲೋಮೀಟರ್ ಮಾತ್ರ ಓಡಿರುವುದರಿಂದ ಮಾರುವವರು ಹೆಚ್ಚು ಬೆಲೆ ಕೇಳುವುದು ನ್ಯಾಯವೇ ಎಂದು ವಿಚಾರಿಸಿದ್ದೀರಿ. ಮೀಟರು ನೋಡಿ ಬೆಲೆ ಕಟ್ಟಬೇಡಿ ಎಂಬುದು ನನ್ನ ಸಲಹೆ; ನಿಂತಲ್ಲೇ ನಿಂತ ಗಾಡಿಯ ಬ್ಯಾಟರಿ, ಟೈರು, ರಬ್ಬರ್ ಬುಶ್‌ಗಳು ಓಡದಿದ್ದರೂ ಹಾಳಾಗುತ್ತವೆ.

ಟೈರಿನ ಪಕ್ಕದಲ್ಲಿ DOT ಎಂಬ ಅಕ್ಷರಗಳಿಂದ ಶುರುವಾಗುವ ಡಿಒಟಿ ಸಂಕೇತದ ಕೊನೆಯ ನಾಲ್ಕು ಅಂಕಿಗಳನ್ನು ಓದಿ. 1416 ಎಂದಿದ್ದರೆ ಅದು 2016ರ 14ನೇ ವಾರದಲ್ಲಿ ತಯಾರಾದದ್ದು. ಅಷ್ಟು ಹಳೆಯ ಟೈರು ಮೇಲ್ನೋಟಕ್ಕೆ ಸವೆಯದಿದ್ದರೂ ನಾಲ್ಕು ಹೊಸ ಟೈರುಗಳ ಖರ್ಚನ್ನು ಬೆಲೆಯಿಂದ ಕಳೆಯಿರಿ. ತಾನಾಗಿ ಗೇರ್ ಬದಲಿಸುವ ಎಸ್-ಟ್ರಾನಿಕ್ ಗೇರ್‌ಬಾಕ್ಸಿನ ಮತ್ತು ಹಿಂದಿನ ಚಕ್ರಗಳಿಗೆ ಬಲ ಒದಗಿಸುವ ಹಾಲ್ಡೆಕ್ಸ್ ಕ್ಲಚ್ಚಿನ ಆಯಿಲ್ ಬದಲಿಸಿದ ಬಿಲ್ಲುಗಳನ್ನೂ ಕೇಳಿ. "ಎಲ್ಲ ಮಾಡಿಸಿದ್ದೇವೆ" ಎಂಬ ಬಾಯಿಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಬಹಳ ಮಂದಿ ಎಡವುವುದು ತೆರಿಗೆಯಲ್ಲಿ. ಪುಣೆಯ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತಂದು ದಾವಣಗೆರೆಯ ಕೆಎ-17 ಸಂಖ್ಯೆ ಪಡೆಯುವಾಗ ಕಟ್ಟಬೇಕಾದ ಜೀವಿತಾವಧಿ ತೆರಿಗೆಯನ್ನು ತಾವು ಇಂದು ಕೊಡುವ ಹಣದ ಮೇಲಲ್ಲ, ಕಾರಿನ ಮೂಲ ಬೆಲೆ ಹಾಗೂ ವಯಸ್ಸಿನ ಆಧಾರದ ಮೇಲೆ ಲೆಕ್ಕ ಹಾಕುತ್ತಾರೆ. ಆದ್ದರಿಂದ ಅಗ್ಗವಾಗಿ ಕಂಡ ಪುಣೆಯ ಕಾರು, ಕರ್ನಾಟಕದ ತೆರಿಗೆ ಆಗಲೇ ಕಟ್ಟಿರುವ, ತುಸು ದುಬಾರಿಯಾಗಿ ಕಂಡ ಬೆಂಗಳೂರಿನ ಕಾರಿಗಿಂತ ಕೊನೆಗೆ ಹೆಚ್ಚೇ ಬೀಳಬಹುದು. ಮೊದಲು ದಾವಣಗೆರೆಯ ಆರ್‌ಟಿಒ ಕಚೇರಿಯಲ್ಲಿ ಆ ಮೊತ್ತವನ್ನು ವಿಚಾರಿಸಿಕೊಂಡು, ಅನಂತರವೇ ಚೌಕಾಸಿಗೆ ಕೂಡಿ.

ಕಾರನ್ನು ಲಿಫ್ಟ್ ಮೇಲೇರಿಸಿ ತಳವನ್ನೂ ನೋಡಿ. ಇಷ್ಟು ತಗ್ಗಿನ ಗಾಡಿ ನಮ್ಮೂರ ಹಂಪುಗಳಿಗೆ ಹೇಗೂ ಉಜ್ಜುತ್ತದೆ; ಆದರೆ ಅಲ್ಲಿಂದಲೇ ಉಜ್ಜಿಸಿಕೊಂಡು ಬಂದದ್ದಕ್ಕೆ ತಾವೇಕೆ ದುಡ್ಡು ಕೊಡಬೇಕು?