ಮಗು ಆಡಿಕೊಂಡಿದೆ, ಔಷಧಿ ನಿಲ್ಲಿಸಬಹುದೇ? – ಮಕ್ಕಳ ಕ್ಯಾನ್ಸರ್ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಮಕ್ಕಳ ಕ್ಯಾನ್ಸರ್ ಚಿಕಿತ್ಸೆಯ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಈ ಸಲ ಆರಿಸಿಕೊಂಡಿದ್ದೇನೆ. ಮೊದಲನೆಯ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಅದರಲ್ಲಿರುವ ಪ್ರಶ್ನೆಯನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಕೇಳದೆ ಹೋಗುವ ತಂದೆತಾಯಿಗಳು ಬಹಳ ಮಂದಿ ಇದ್ದಾರೆ.

ಪ್ರಶ್ನೆ: ನನ್ನ ಆರು ವರ್ಷದ ಮಗನಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಗಿ ಬೆಂಗಳೂರಿನಲ್ಲಿ ಐದು ವಾರ ಇದ್ದು ಚಿಕಿತ್ಸೆ ಕೊಡಿಸಿದೆವು. ಮೂಳೆ ಮಜ್ಜೆಯ ಪರೀಕ್ಷೆಯಲ್ಲಿ ಈಗ ಕ್ಯಾನ್ಸರ್ ಕಣ ಕಾಣುತ್ತಿಲ್ಲ ಎಂದರು. ಆದರೂ ಇನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ಔಷಧಿ ಬೇಕಂತೆ. ಮಗ ಚೆನ್ನಾಗಿ ಊಟ ಮಾಡುತ್ತಾನೆ, ಆಡಿಕೊಂಡಿದ್ದಾನೆ. ಒಮ್ಮೆ ಹೋಗಿಬಂದರೆ ಮೂರು ದಿನದ ಕೂಲಿ ಹೋಗುತ್ತದೆ. ಇನ್ನು ಸಾಕು, ನಾಟಿ ಔಷಧಿ ಕೊಡೋಣ ಎಂದು ಮನೆಯ ಹಿರಿಯರು ಹೇಳುತ್ತಿದ್ದಾರೆ. ನಿಲ್ಲಿಸಿದರೆ ಏನಾಗುತ್ತದೆ? (ರಾಯಚೂರು ಜಿಲ್ಲೆಯ ಓದುಗರು)

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ನಿಲ್ಲಿಸಿದರೆ ರೋಗ ಮರಳಿ ಬರುವುದು ಹೆಚ್ಚುಕಡಿಮೆ ಖಚಿತ. ಹಾಗೆ ಮರಳಿದ ರೋಗಕ್ಕೆ ಮೊದಲಿಗಿಂತ ಕಠಿಣವಾದ ಚಿಕಿತ್ಸೆ ಬೇಕಾಗುತ್ತದೆ, ಮತ್ತು ಗುಣವಾಗುವ ಅವಕಾಶ ಮೊದಲಿಗಿಂತ ಬಹಳ ಕಡಿಮೆಯಾಗಿರುತ್ತದೆ.

ರೋಗ ಪತ್ತೆಯಾದ ದಿನ ಮಗುವಿನ ದೇಹದಲ್ಲಿ ಸುಮಾರು ಒಂದು ಲಕ್ಷ ಕೋಟಿ ಕ್ಯಾನ್ಸರ್ ಕಣಗಳಿರುತ್ತವೆ ಎಂಬುದು ತಜ್ಞರ ಅಂದಾಜು. ಮೊದಲ ತಿಂಗಳ ಚಿಕಿತ್ಸೆಯ ನಂತರ ಸೂಕ್ಷ್ಮದರ್ಶಕದಲ್ಲಿ ಅವು ಕಾಣದೆ ಹೋದರೂ ಸಾವಿರ ಕೋಟಿಯಷ್ಟು ಉಳಿದಿರಬಹುದು. ಹೊಲದ ಕರಿಕೆಯನ್ನು ಮೇಲಿಂದ ಮೇಲೆ ಕಿತ್ತಾಗ ನೆಲ ಹಸನಾಗಿ ಕಾಣುತ್ತದೆ, ಆದರೆ ಬೇರು ಒಳಗೇ ಇದ್ದರೆ ಒಂದು ಮಳೆ ಸಾಕು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಈಗ ನಿಮ್ಮ ಮಗ ಆಡಿಕೊಂಡಿರುವುದು ಮೊದಲ ಕಳೆ ತೆಗೆದದ್ದರ ಫಲ. ಬೇರು ತೆಗೆಯುವ ಕೆಲಸ ಇನ್ನು ಮುಂದಿನದು.

ಇದು ವೈದ್ಯರು ಊಹಿಸಿ ಹೇಳುವ ಮಾತಲ್ಲ. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಎಂಬ ವೈದ್ಯರು 1948ರಲ್ಲಿ ರಕ್ತದ ಕ್ಯಾನ್ಸರ್ ಇದ್ದ 16 ಮಕ್ಕಳಿಗೆ ಅಮಿನೋಪ್ಟೆರಿನ್ ಎಂಬ ಔಷಧಿಯನ್ನು ಕೊಟ್ಟ ವರದಿಯನ್ನು ಪ್ರಕಟಿಸಿದರು. ಆ ಔಷಧಿಯನ್ನು ತಯಾರಿಸಿಕೊಟ್ಟ ಪ್ರಯೋಗಾಲಯದ ಸಂಶೋಧನೆಯನ್ನು ನಡೆಸುತ್ತಿದ್ದವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಹತ್ತು ಮಕ್ಕಳು ಚೇತರಿಸಿಕೊಂಡು ನಿಮ್ಮ ಮಗನ ಹಾಗೆಯೇ ಆಡತೊಡಗಿದರು. ಆದರೆ ಆ ಚೇತರಿಕೆ ಕೆಲವು ತಿಂಗಳುಗಳಷ್ಟೇ ಉಳಿಯಿತು. ಮುಂದೆ 1960ರ ದಶಕದಲ್ಲಿ ಅಮೆರಿಕದ ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ ಮತ್ತು ಅವರ ಸಹೋದ್ಯೋಗಿಗಳು ಹಲವು ಔಷಧಿಗಳನ್ನು ಸೇರಿಸಿ, ಮೆದುಳು ಮತ್ತು ಬೆನ್ನುಹುರಿಯ ಸುತ್ತ ಅಡಗಿದ ಕಣಗಳಿಗೂ ಚಿಕಿತ್ಸೆ ಕೊಟ್ಟು, ಅದನ್ನು ವರ್ಷಗಟ್ಟಲೆ ಮುಂದುವರಿಸಿದ ಮೇಲೆಯೇ ಅರ್ಧದಷ್ಟು ಮಕ್ಕಳು ಪೂರ್ತಿ ಗುಣವಾದರು. ನಿಮ್ಮ ಮಗನಿಗೆ ಬೆನ್ನಿಗೆ ಕೊಡುವ ಇಂಜೆಕ್ಷನ್ ಹಾಗೂ ಎರಡು ವರ್ಷದ ಮಾತ್ರೆ, ಇವೆರಡೂ ಆ ಪಾಠದಿಂದ ಬಂದವು.

ಇನ್ನು ಕೂಲಿಯ ಮಾತು. ಅದನ್ನು ಹಗುರವಾಗಿ ತೆಗೆದುಕೊಳ್ಳುವ ವೈದ್ಯರನ್ನು ಕಂಡರೆ ನನಗೆ ನೋವಾಗುತ್ತದೆ. ಮುಂದಿನ ಕೆಲವು ತಿಂಗಳು ಆಸ್ಪತ್ರೆಗೆ ಪದೇಪದೇ ಹೋಗಬೇಕಾಗುತ್ತದೆ ಎಂಬುದು ನಿಜ, ಆದರೆ ಅದು ಮುಗಿದ ಮೇಲೆ ಬಹುಪಾಲು ಚಿಕಿತ್ಸೆ ಮನೆಯಲ್ಲೇ ನಡೆಯುತ್ತದೆ. ದಿನಕ್ಕೊಮ್ಮೆ ಮರ್ಕಾಪ್ಟೊಪ್ಯೂರಿನ್, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ. ಎರಡನೆಯದನ್ನು ಮರೆತು ದಿನವೂ ಕೊಟ್ಟರೆ ಪ್ರಾಣಾಪಾಯವಾಗುತ್ತದೆ, ಆದ್ದರಿಂದ ಕ್ಯಾಲೆಂಡರಿನಲ್ಲಿ ಅದನ್ನು ಕೊಡುವ ದಿನದ ಮೇಲೆ ಗುರುತು ಹಾಕಿಡಿ. ನಡುವಿನ ರಕ್ತಪರೀಕ್ಷೆಯನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಮಾಡಿಸಿ ವರದಿಯನ್ನು ಫೋನಿನಲ್ಲಿ ಕಳುಹಿಸಬಹುದೇ, ಕೆಲವು ಭೇಟಿಗಳನ್ನು ಕಲಬುರಗಿಯಲ್ಲಿರುವ ಕಿದ್ವಾಯಿ ಸಂಸ್ಥೆಯ ಕೇಂದ್ರದಲ್ಲಿ ಮುಗಿಸಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಚಿಕಿತ್ಸೆಗಾಗಿ ಪ್ರಯಾಣಿಸುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಟಿಕೆಟ್ ಪೂರ್ತಿ ಉಚಿತ, ಜೊತೆಗೆ ಹೋಗುವ ಒಬ್ಬರಿಗೆ ನೂರಕ್ಕೆ 75ರಷ್ಟು ರಿಯಾಯಿತಿ. ಇದಕ್ಕೆ ಬೇಕಾದ ಪ್ರಮಾಣಪತ್ರವನ್ನು ಆಸ್ಪತ್ರೆಯಲ್ಲಿಯೇ ಕೊಡುತ್ತಾರೆ. ಉಳಿದುಕೊಳ್ಳುವ ವ್ಯವಸ್ಥೆ, ಊಟ, ಇತರ ಸಹಾಯಗಳ ವಿವರ ಆಸ್ಪತ್ರೆಯ ಸಮಾಜ ಕಾರ್ಯಕರ್ತರ ಬಳಿ ಇರುತ್ತದೆ. ತಾವಾಗಿ ಕೇಳದವರಿಗೆ ಅದು ಎಷ್ಟೋ ಸಲ ತಲುಪುವುದೇ ಇಲ್ಲ, ಹಾಗಾಗಿ ಸಂಕೋಚಪಡದೆ ಕೇಳಿ.

ನಾಟಿ ಔಷಧಿಯ ಬಗ್ಗೆ ಹಿರಿಯರಿಗೆ ಹೀಗೆ ಹೇಳಿ: ಈ ಮಾತ್ರೆಗಳು ಯಕೃತ್ತಿನ ಮೇಲೆ ಭಾರ ಹಾಕುತ್ತವೆ, ಅದರ ಜೊತೆಗೆ ಏನಿದೆ ಎಂದು ಗೊತ್ತಿಲ್ಲದ ಇನ್ನೊಂದು ಔಷಧಿ ಸೇರಿದರೆ ಮಗುವಿನ ದೇಹ ತಡೆದುಕೊಳ್ಳುವುದಿಲ್ಲ. ಹರಕೆ, ಪೂಜೆಗಳಿಗೆ ಯಾವ ಅಡ್ಡಿಯೂ ಇಲ್ಲ. ಒಂದು ವೇಳೆ ಅನಿವಾರ್ಯವಾಗಿ ಚಿಕಿತ್ಸೆ ತಪ್ಪಿಹೋದರೆ ಬೈಯುತ್ತಾರೆಂದು ಹೆದರಿ ಮನೆಯಲ್ಲಿ ಕೂರಬೇಡಿ. ಸತತ ನಾಲ್ಕು ವಾರ ತಪ್ಪಿದರೆ ಅದನ್ನು ಚಿಕಿತ್ಸೆ ಕೈಬಿಟ್ಟದ್ದು ಎಂದೇ ವೈದ್ಯಲೋಕ ಎಣಿಸುತ್ತದೆ. ಅದಕ್ಕೆ ಮೊದಲೇ, ಒಂದು ವಾರ ತಪ್ಪಿದಾಗಲೇ, ಫೋನ್ ಮಾಡಿ.

ಪ್ರಶ್ನೆ: ಅಮೆರಿಕದಲ್ಲಿ ಕ್ಯಾನ್ಸರ್ ಬಂದ ನೂರು ಮಕ್ಕಳಲ್ಲಿ 80ಕ್ಕೂ ಹೆಚ್ಚು ಮಕ್ಕಳು ಬದುಕುತ್ತಾರೆ ಎಂದು ಓದಿದೆ. ಭಾರತದಲ್ಲಿ ಅಷ್ಟಿಲ್ಲವೇಕೆ? ನಮ್ಮ ಔಷಧಿಗಳು ಕೆಳಮಟ್ಟದವೇ? (ಮೈಸೂರಿನ ಓದುಗರು)

ಉತ್ತರ: ಬಹುಮಟ್ಟಿಗೆ ಔಷಧಿಗಳು ಅವೇ. ರಕ್ತದ ಕ್ಯಾನ್ಸರಿಗೆ ಬಳಸುವ ಮುಖ್ಯ ಔಷಧಿಗಳೆಲ್ಲ ಹಳೆಯವು, ನಮ್ಮಲ್ಲೇ ತಯಾರಾಗುತ್ತವೆ. ಆದರೆ ಆಸ್ಪರಾಜಿನೇಸ್ ಎಂಬ ಒಂದು ಇಂಜೆಕ್ಷನ್ನಿನ ವಿಷಯದಲ್ಲಿ ನಿಮ್ಮ ಅನುಮಾನಕ್ಕೆ ಆಧಾರವಿದೆ: ಇಲ್ಲಿ ಮಾರಾಟವಾಗುವ ಕೆಲವು ಬ್ರ್ಯಾಂಡುಗಳ ಶಕ್ತಿ ಇರಬೇಕಾದಷ್ಟಿಲ್ಲ ಎಂಬುದನ್ನು ನಮ್ಮ ದೇಶದ ಸಂಶೋಧಕರೇ ತೋರಿಸಿದ್ದಾರೆ. ಮಕ್ಕಳಿಗೆ ಕೊಡುವ ಔಷಧಿಯ ಗುಣಮಟ್ಟವನ್ನು ಸರ್ಕಾರ ನಿಯಮಿತವಾಗಿ ಪರೀಕ್ಷಿಸಬೇಕು ಎಂದು ನಾವು ಗಟ್ಟಿಯಾಗಿ ಕೇಳಬೇಕಾಗಿದೆ.

ಹೆಚ್ಚಿನ ನಷ್ಟ ಮಾತ್ರ ಬೇರೆ ಕಡೆ ಆಗುತ್ತಿದೆ. ಬಿಳಿಚಿಕೊಂಡ ಮಗುವಿಗೆ ತಿಂಗಳುಗಟ್ಟಲೆ ಕಬ್ಬಿಣಾಂಶದ ಟಾನಿಕ್ ಕೊಡುತ್ತಾರೆ, ಬಿಡದ ಜ್ವರಕ್ಕೆ ಟೈಫಾಯ್ಡ್ ಎಂದು ಹೇಳಿ ಡ್ರಿಪ್ ಹಾಕುತ್ತಾರೆ, ಕಾಲುನೋವೆಂದು ಅಳುವ ಮಗುವಿಗೆ ಕೀಲುವಾತವೆಂದು ಸ್ಟೀರಾಯ್ಡ್ ಕೊಟ್ಟುಬಿಡುತ್ತಾರೆ. ಈ ಕೊನೆಯದು ಎಲ್ಲಕ್ಕಿಂತ ಅಪಾಯಕಾರಿ, ಏಕೆಂದರೆ ಸ್ಟೀರಾಯ್ಡ್ ರಕ್ತದ ಕ್ಯಾನ್ಸರನ್ನು ಕೆಲವು ವಾರ ಮರೆಮಾಚುತ್ತದೆ. ಕಾರಣ ತಿಳಿಯದ ಜ್ವರ, ಬಿಳಿಚಿಕೆ, ಚರ್ಮದ ಮೇಲೆ ಕೆಂಪು ಚುಕ್ಕೆ ಅಥವಾ ಮೂಳೆನೋವು ಎರಡು ವಾರ ದಾಟಿದರೆ ರಕ್ತಕಣಗಳ ಪೂರ್ಣ ಎಣಿಕೆಯ ಜೊತೆಗೆ ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ನೋಡುವ ಪರೀಕ್ಷೆಯನ್ನೂ ಮಾಡಿಸಬೇಕು. ಅದಕ್ಕೆ ತಗಲುವ ಖರ್ಚು ಟಾನಿಕ್ ಬಾಟಲಿಗಿಂತ ಬಹಳ ಹೆಚ್ಚೇನಲ್ಲ.

ರೋಗ ಪತ್ತೆಯಾದ ಮೇಲೂ ಅಪೌಷ್ಟಿಕತೆ, ಸೋಂಕು, ನಡುವೆಯೇ ನಿಂತುಹೋಗುವ ಚಿಕಿತ್ಸೆ, ಇವು ಮಕ್ಕಳನ್ನು ಕಸಿದುಕೊಳ್ಳುತ್ತವೆ. ಶ್ರೀಮಂತ ದೇಶಗಳಲ್ಲಿ ರಕ್ತದ ಕ್ಯಾನ್ಸರಿನ ಚಿಕಿತ್ಸೆಯ ಅವಧಿಯಲ್ಲಿ ಸೋಂಕಿನಂಥ ತೊಡಕುಗಳಿಂದ ನೂರರಲ್ಲಿ ಕೆಲವೇ ಮಕ್ಕಳು ಸಾಯುತ್ತಾರೆ, ನಮ್ಮಲ್ಲಿ ಅದು ಹಲವು ಪಟ್ಟು ಹೆಚ್ಚು. ಇಷ್ಟಾದರೂ ವ್ಯವಸ್ಥಿತವಾದ ಭಾರತೀಯ ಕೇಂದ್ರಗಳಲ್ಲಿ ಚಿಕಿತ್ಸೆ ಪೂರ್ತಿ ಮಾಡುವ ರಕ್ತದ ಕ್ಯಾನ್ಸರಿನ ಮಕ್ಕಳಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮಕ್ಕಳು ಬದುಕುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಇಟ್ಟುಕೊಂಡ ಗುರಿ, 2030ರ ಹೊತ್ತಿಗೆ ಜಗತ್ತಿನಾದ್ಯಂತ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ ಕನಿಷ್ಠ 60 ಮಕ್ಕಳು ಬದುಕಬೇಕೆಂಬುದು. ನಮ್ಮ ದೇಶದಲ್ಲಿ ಅದನ್ನು ಸಾಧಿಸಲು ಹೊಸ ಔಷಧಿಗಾಗಿ ಕಾಯಬೇಕಾಗಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಇರುವ ಔಷಧಿ ಮಗುವಿಗೆ ಸಕಾಲದಲ್ಲಿ ಸಿಕ್ಕಿ, ಕೊನೆಯ ಮಾತ್ರೆಯವರೆಗೂ ಸಿಗುತ್ತಲೇ ಇರಬೇಕು.

ಪ್ರಶ್ನೆ: ನನ್ನ ತರಗತಿಯ ಹುಡುಗಿಯೊಬ್ಬಳು ಕೀಮೋ ನಡೆಯುತ್ತಿರುವಾಗಲೇ ಶಾಲೆಗೆ ಮರಳಲಿದ್ದಾಳೆ. ಉಳಿದ ಮಕ್ಕಳ ಪೋಷಕರು ಆತಂಕಪಡುತ್ತಿದ್ದಾರೆ. ನಾನು ಏನು ಎಚ್ಚರ ವಹಿಸಬೇಕು? (ಹಾಸನ ಜಿಲ್ಲೆಯ ಶಿಕ್ಷಕಿ)

ಉತ್ತರ: ಕ್ಯಾನ್ಸರ್ ಅಂಟುರೋಗವಲ್ಲ. ಅವಳಿಂದ ಯಾರಿಗೂ ಅಪಾಯವಿಲ್ಲ, ಉಳಿದವರ ನೆಗಡಿ, ನೀರುಸಿಡುಬುಗಳಿಂದ ಅವಳಿಗೆ ಅಪಾಯವಿದೆ. ತರಗತಿಯಲ್ಲಿ ಯಾರಿಗಾದರೂ ನೀರುಸಿಡುಬು ಅಥವಾ ದಡಾರ ಬಂದರೆ ಅದೇ ದಿನ ಅವಳ ಮನೆಗೆ ತಿಳಿಸಿ. ಕೆಲವೇ ದಿನಗಳೊಳಗೆ ಆಸ್ಪತ್ರೆಗೆ ಹೋದರೆ ರಕ್ಷಣೆಯ ಚಿಕಿತ್ಸೆ ಕೊಡಲು ಸಾಧ್ಯ. ಅವಳ ಮೈ ಬೆಚ್ಚಗಿದ್ದರೆ ಶಾಲೆಯಲ್ಲಿರುವ ಪ್ಯಾರಾಸಿಟಮಾಲ್ ಕೊಟ್ಟು ಮಲಗಿಸಬೇಡಿ. ಜ್ವರಮಾಪಕದಲ್ಲಿ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದರೆ ತಕ್ಷಣ ಪೋಷಕರನ್ನು ಕರೆಸಿ. ಬಿಳಿ ರಕ್ತಕಣ ಕುಸಿದಿರುವ ಮಗುವಿಗೆ ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ರಕ್ತನಾಳಕ್ಕೆ ಹೋಗಬೇಕು. ಬೆಳಿಗ್ಗೆ ನೋಡೋಣ ಎಂದು ಕಳೆದ ಒಂದು ರಾತ್ರಿಯಲ್ಲಿ ಎಷ್ಟೋ ಮಕ್ಕಳು ಹೋಗಿಬಿಟ್ಟಿದ್ದಾರೆ. ಕೂದಲು ಉದುರಿದ ತಲೆಯ ಬಗ್ಗೆ ಅವಳು ಬರುವ ಹಿಂದಿನ ದಿನವೇ ಮಕ್ಕಳ ಜೊತೆ ಮಾತನಾಡಿ. ಮಕ್ಕಳು ದೊಡ್ಡವರಿಗಿಂತ ಬೇಗ ಅರ್ಥಮಾಡಿಕೊಳ್ಳುತ್ತಾರೆ.

ಪ್ರಶ್ನೆ: ನಮ್ಮ ಮೊಮ್ಮಗಳಿಗೆ ರಕ್ತದ ಕ್ಯಾನ್ಸರ್. ಚಿಕಿತ್ಸೆ ಮಾಡಿಸಿದರೂ ಮುಂದೆ ಮದುವೆ, ಮಕ್ಕಳು ಆಗುತ್ತವೆಯೇ ಎಂದು ನೆಂಟರು ಕೇಳುತ್ತಿದ್ದಾರೆ. (ವಿಜಯಪುರದ ಅಜ್ಜಿಯೊಬ್ಬರು)

ಉತ್ತರ: ಅಮ್ಮಾ, ಆಗುತ್ತವೆ. ಸಾಮಾನ್ಯ ಬಗೆಯ ರಕ್ತದ ಕ್ಯಾನ್ಸರಿಗೆ ಕೊಡುವ ಚಿಕಿತ್ಸೆಯಿಂದ ಬಹುಪಾಲು ಹೆಣ್ಣುಮಕ್ಕಳ ತಾಯ್ತನದ ಶಕ್ತಿ ಹೋಗುವುದಿಲ್ಲ, ಅವರಿಗೆ ಹುಟ್ಟುವ ಮಕ್ಕಳಿಗೆ ಈ ಕಾರಣದಿಂದ ಕ್ಯಾನ್ಸರ್ ಬರುವುದೂ ಇಲ್ಲ. ಕೆಲವು ಔಷಧಿಗಳು ಹೃದಯದ ಮೇಲೆ ಪರಿಣಾಮ ಬೀರುವುದರಿಂದ, ದೊಡ್ಡವಳಾದ ಮೇಲೂ ನಿಯಮಿತವಾಗಿ ತಪಾಸಣೆ ಮಾಡಿಸುತ್ತಿರಬೇಕು, ಅಷ್ಟೇ. ನಮ್ಮ ಕ್ಯಾನ್ಸರ್ ಆಸ್ಪತ್ರೆಗಳಿಗೆ ಬರುವ ಮಕ್ಕಳಲ್ಲಿ ಗಂಡುಮಕ್ಕಳ ಸಂಖ್ಯೆ ರೋಗದ ಸ್ವಭಾವದಿಂದ ಇರಬೇಕಾದುದಕ್ಕಿಂತ ಬಹಳ ಹೆಚ್ಚು. ಬಾರದೆ ಉಳಿದ ಹೆಣ್ಣುಮಕ್ಕಳು ಎಲ್ಲಿದ್ದಾರೆ ಎಂಬ ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತದೆ. ನಿಮ್ಮ ಮೊಮ್ಮಗಳನ್ನು ಆಸ್ಪತ್ರೆಗೆ ಕರೆತಂದವರು ನೀವು. ನೆಂಟರು ಇನ್ನೊಮ್ಮೆ ಕೇಳಿದಾಗ ಅವಳು ಅದನ್ನು ಕೇಳಿಸಿಕೊಳ್ಳದಂತೆ ನೋಡಿಕೊಳ್ಳಿ, ಏಕೆಂದರೆ ಏಳೆಂಟು ವರ್ಷದ ಮಕ್ಕಳಿಗೆ ಇಂಥ ಮಾತುಗಳೆಲ್ಲ ಅರ್ಥವಾಗುತ್ತವೆ.

ಪ್ರಶ್ನೆ: ಮೊಬೈಲಿನಲ್ಲಿ ಫ್ಲ್ಯಾಶ್ ಹಾಕಿ ತೆಗೆದ ಫೋಟೋಗಳಲ್ಲಿ ನಮ್ಮ ಒಂದೂವರೆ ವರ್ಷದ ಮಗುವಿನ ಒಂದು ಕಣ್ಣಿನ ಪಾಪೆ ಬೆಳ್ಳಗೆ ಹೊಳೆಯುತ್ತದೆ. ಮಗು ಚೆನ್ನಾಗಿಯೇ ನೋಡುತ್ತದೆ. ತೋರಿಸಬೇಕೇ? (ಉಡುಪಿಯ ಓದುಗರು)

ಉತ್ತರ: ತೋರಿಸಬೇಕು, ಈ ವಾರವೇ. ಬೆಳಕಿನ ಕೋನದಿಂದಲೂ, ಪೊರೆಯಿಂದಲೂ ಹಾಗೆ ಕಾಣಬಹುದು, ಆದರೆ ರೆಟಿನೊಬ್ಲಾಸ್ಟೊಮಾ ಎಂಬ ಕಣ್ಣಿನ ಕ್ಯಾನ್ಸರಿನ ಮೊದಲ ಲಕ್ಷಣವೂ ಇದೇ. ಒಂದು ಕಣ್ಣಿನಲ್ಲಿ ದೃಷ್ಟಿ ಹೋದರೂ ಮಗು ಇನ್ನೊಂದರಿಂದ ಸರಾಗವಾಗಿ ಓಡಾಡುತ್ತದೆ, ಆದ್ದರಿಂದ ಚೆನ್ನಾಗಿ ನೋಡುತ್ತದೆ ಎಂಬುದನ್ನು ನಂಬಿ ಕೂರಬೇಡಿ. ಗೆಡ್ಡೆ ಕಣ್ಣಿನೊಳಗೇ ಇರುವಾಗ ಸಿಕ್ಕರೆ ಬಹುತೇಕ ಎಲ್ಲ ಮಕ್ಕಳೂ ಬದುಕುತ್ತಾರೆ, ಎಷ್ಟೋ ಸಲ ಕಣ್ಣೂ ಉಳಿಯುತ್ತದೆ. ಕಣ್ಣಿನ ಪಾಪೆಯನ್ನು ಹನಿ ಹಾಕಿ ಹಿಗ್ಗಿಸಿ ಒಳಗಿನ ಅಕ್ಷಿಪಟಲವನ್ನು ಪೂರ್ತಿ ನೋಡಬೇಕೆಂದು ವೈದ್ಯರನ್ನು ಕೇಳಿ. ಕುಟುಂಬದಲ್ಲಿ ಯಾರಿಗಾದರೂ ಬಾಲ್ಯದಲ್ಲಿ ಕಣ್ಣು ತೆಗೆಸಿದ್ದರೆ ಅದನ್ನೂ ಹೇಳಿ. ಆ ಫೋಟೋಗಳನ್ನು ಅಳಿಸಬೇಡಿ, ಹೋಗುವಾಗ ಮೊಬೈಲಿನಲ್ಲಿಯೇ ತೋರಿಸಿ.