‘ನಂಗೆ ಲಾಜಿಕ್ ಇಲ್ಲ ಮೇಡಂ’

ಕಂಪ್ಯೂಟರ್ ಪೇಪರ್ ಬಿಟ್ಟುಬಿಡ್ತೀನಿ ಅಂತ ಬಿ.ಎ. ಮಕ್ಕಳು ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಬರುವುದು ಶಿವಮೊಗ್ಗದಲ್ಲಿ ಹೊಸತಲ್ಲ. ಪ್ರತಿ ಸೆಮಿಸ್ಟರಿನಲ್ಲೂ ಬರುತ್ತಾರೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಹುಡುಗಿ ತೀರ್ಥಹಳ್ಳಿ ಕಡೆಯವಳು, ಐಚ್ಛಿಕ ಕನ್ನಡ. ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲ, ಮಳೆಗಾಲದಲ್ಲಿ ಕರೆಂಟನ್ನೂ ನಂಬುವ ಹಾಗಿಲ್ಲ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಲ್ಯಾಬಿನಲ್ಲಿ ಎರರ್ ಬಂದರೆ ಕೈ ನಡುಗುತ್ತಿತ್ತು. ಪ್ರೋಗ್ರಾಂಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಆರ್ಟ್ಸಿನವರಿಗೆ ಇದು ಹತ್ತಲ್ಲ ಅಂತ ಯಾರೋ ಅಂದಿದ್ದು ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಒಂದು ದಿನ ಅವಳ ನೋಟ್‌ಬುಕ್ಕಿನಲ್ಲಿ ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿದ್ದು ಕಂಡಿತು. ಅಂದರೆ ಒಂದೊಂದು ಅಕ್ಷರಕ್ಕೂ ಗುರು (ಎರಡು ಮಾತ್ರೆ), ಲಘು (ಒಂದು ಮಾತ್ರೆ) ಅಂತ ಗುರುತು ಹಾಕಿದ್ದಳು. ಮೊದಲೆರಡು ಸಾಲಿಗೆ ತಲಾ 14 ಮಾತ್ರೆ, ಮೂರನೆಯದಕ್ಕೆ 23. ಒಂದೂ ತಪ್ಪಿಲ್ಲ.

‘ಇದನ್ನ ಹೇಗೆ ಹಾಕ್ತೀಯಾ? ಗೊತ್ತೇ ಇಲ್ಲದವರಿಗೆ ಹೇಳೋ ಹಾಗೆ ಹೇಳಮ್ಮಾ’ ಅಂದೆ.

‘ಒಂದೊಂದೇ ಅಕ್ಷರ ನೋಡ್ತಾ ಹೋಗೋದು ಮೇಡಂ. ದೀರ್ಘ ಆದ್ರೆ ಗುರು. ಅನುಸ್ವಾರ, ವಿಸರ್ಗ ಇದ್ರೂ ಗುರು. ಮುಂದೆ ಒತ್ತಕ್ಷರ ಬಂದ್ರೂ ಗುರು. ಯಾವುದೂ ಇಲ್ಲಾಂದ್ರೆ ಲಘು. ಆದ್ರೆ ಶಿಥಿಲದ್ವಿತ್ವ, ಅಂದ್ರೆ ಒತ್ತಕ್ಷರವನ್ನ ಒತ್ತದೆ ತೇಲಿಸಿ ಹೇಳೋದು, ಇದ್ರೆ ಹಿಂದಿನದು ಲಘುನೇ. ಅದನ್ನ ಮೊದಲೇ ನೋಡ್ಕೋಬೇಕು, ಇಲ್ಲಾಂದ್ರೆ ಲೆಕ್ಕ ತಪ್ಪುತ್ತೆ.’

ಅವಳ ಮಾತನ್ನೇ ಸಾಲಾಗಿ ಬರೆದು, ಪಕ್ಕದಲ್ಲಿ ಪೈಥಾನಿನ ಇಫ್ (ಹೀಗಿದ್ದರೆ), ಎಲಿಫ್ (ಅದಲ್ಲದೆ ಹೀಗಿದ್ದರೆ), ಎಲ್ಸ್ (ಯಾವುದೂ ಅಲ್ಲದಿದ್ದರೆ) ಅಂತ ಹಾಕಿದೆ. ಹಾಳೆಯನ್ನು ನೋಡಿ ಅವಳೇ ಕೇಳಿದಳು: ‘ಹಾಗಾದ್ರೆ ನನ್ನ ಮಾರ್ಕ್ಸ್ ಪ್ರೋಗ್ರಾಂನಲ್ಲಿ 35ಕ್ಕಿಂತ ಜಾಸ್ತಿನಾ ಅಂತ ಮೊದಲು ಕೇಳಿದ್ದಕ್ಕೇ 80 ಬಂದವರಿಗೂ ಬರೀ ಪಾಸ್ ಅಂತ ತೋರಿಸ್ತಿತ್ತಾ?’

ಹೌದು, ಅದೇ ಕಾರಣ. ಮೊದಲು ಹೊಂದಿದ ಷರತ್ತಿನಲ್ಲೇ ಪ್ರೋಗ್ರಾಂ ಉತ್ತರ ಕೊಟ್ಟುಬಿಡುತ್ತದೆ, ಮುಂದಿನ ಎಲಿಫ್ ನೋಡುವುದೇ ಇಲ್ಲ.

ಪೇಪರ್ ಬಿಡಬೇಡ ಅಂದೆ. ಬಾಯಿಪಾಠ ನಿಲ್ಲಿಸು, ಮೊದಲು ಕನ್ನಡದಲ್ಲೇ ಹೆಜ್ಜೆಗಳನ್ನು ಬರಿ. ಕರೆಂಟ್ ಇಲ್ಲದಾಗ ಹಾಳೆಯ ಮೇಲೆ ಒಂದೊಂದೇ ಸಾಲು ಓಡಿಸಿ ನೋಡು. ಎರರ್ ಬಂದರೆ ಕೊನೆಯ ಸಾಲನ್ನು ಮೊದಲು ಓದು. ಎಷ್ಟೋ ಸಲ ಒಂದು ಕೋಲನ್ ಚಿಹ್ನೆಯೋ (:) ಸ್ಪೇಸೋ ಬಿಟ್ಟುಹೋಗಿರುತ್ತದೆ, ಅಷ್ಟೇ.

ಆಪ್ತಸಲಹೆಗಾರರು ಪಾಠ ಮಾಡಬಾರದು, ಆತಂಕ ಇಳಿಸಿದರೆ ಸಾಕು ಅಂತ ನನ್ನ ಜೊತೆಯವರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಉಸಿರಾಟದ ಅಭ್ಯಾಸವನ್ನೂ ಹೇಳಿಕೊಟ್ಟಿದ್ದೆ, ಅದರಿಂದ ನಿದ್ದೆ ಸುಧಾರಿಸಿತು. ತನಗೆ ಲಾಜಿಕ್ ಇಲ್ಲ ಅನ್ನುವ ನಂಬಿಕೆ ಮಾತ್ರ ಅಲ್ಲಾಡಲಿಲ್ಲ. ಅದು ಸುಳ್ಳು ಅಂತ ಅವಳು ಕೈಯಾರೆ ಮಾಡಿದ ಕೆಲಸದಲ್ಲೇ ತೋರಿಸಬೇಕಿತ್ತು.

ಕಲಾ ವಿಭಾಗಕ್ಕೆ ಕಂಪ್ಯೂಟರ್ ಕಲಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಅವಿಭಾಜ್ಯ ಸಂಖ್ಯೆ ಹುಡುಕುವುದರಿಂದ ಶುರು ಮಾಡಬೇಡಿ. ಇತಿಹಾಸದವರಿಗೆ ಇಸವಿ ಕೊಟ್ಟು ಶತಮಾನ ಹೇಳಿಸಿ. ಕನ್ನಡದವರಿಗೆ ಮಾತ್ರೆ ಎಣಿಸಲು ಕೊಡಿ. ಆ ನಿಯಮಗಳು ಅವರಿಗೆ ಆಗಲೇ ಗೊತ್ತು.

ಲೂಪ್, ಅಂದರೆ ಒಂದೇ ಹೆಜ್ಜೆಗಳನ್ನು ಮತ್ತೆ ಮತ್ತೆ ಮಾಡಿಸುವುದು, ಇನ್ನೂ ತಲೆಗೆ ಹೋಗಿಲ್ಲ ಅಂತ ಮೊನ್ನೆ ಹೇಳಿದಳು. ಮುಂದಿನ ಸಲ ಷಟ್ಪದಿಯ ಆರೂ ಸಾಲು ಬರೆದುಕೊಂಡು ಬಾ ಅಂದಿದ್ದೇನೆ.