ಸಂಬಳದ ಮೊತ್ತಕ್ಕೇ ಶೇ 30 ಕಳೆಯಬೇಡಿ

ಯಾವ ಊರು ಅಗ್ಗ, ಯಾವ ಊರು ದುಬಾರಿ ಎಂಬ ಪ್ರಶ್ನೆಗಳು ಈ ಅಂಕಣಕ್ಕೆ ಬರುತ್ತಲೇ ಇರುತ್ತವೆ. ಬಹುಪಾಲು ಪತ್ರಗಳಲ್ಲಿ ಇರುವುದು ಒಂದೇ ತಪ್ಪು ಲೆಕ್ಕ, ಆ ಲೆಕ್ಕ ನಂಬಿ ಕೆಲಸ ಬಿಟ್ಟವರೂ ಇದ್ದಾರೆ. ಅದಕ್ಕೆ ಈ ಸಲ ಒಂದು ಪತ್ರವನ್ನು ಪೂರ್ತಿ ಬಿಡಿಸುತ್ತೇನೆ.

ಪ್ರಶ್ನೆ: ಬೆಂಗಳೂರಿನಲ್ಲಿ ನನ್ನ ಕೈಗೆ ತಿಂಗಳಿಗೆ 85,000 ರೂ. ಬರುತ್ತದೆ. ಮೈಸೂರಿನಲ್ಲಿ 65,000 ರೂ. ಕೊಡುವ ಕೆಲಸ ಸಿಕ್ಕಿದೆ. ಮೈಸೂರು ಶೇ 30ರಷ್ಟು ಅಗ್ಗ ಎಂದು ಒಂದು ಜಾಲತಾಣ ಹೇಳುತ್ತದೆ. ಹಾಗಾದರೆ ಅಲ್ಲಿ 59,500 ಸಾಕು, 5,500 ಲಾಭವೇ ಅಲ್ಲವೇ? ನಾವು ಇಬ್ಬರು, ಒಂದು ಮಗು. ಈಗಿನ ಖರ್ಚು, ಮೈಸೂರಿನಲ್ಲಿ ವಿಚಾರಿಸಿದ ದರ ಎರಡನ್ನೂ ಬರೆದಿದ್ದೇನೆ.

ಲಾಭವಲ್ಲ, ತಿಂಗಳಿಗೆ 5,000 ಕೊರತೆ. ನೀವು ಕಳಿಸಿದ ಪಟ್ಟಿಯೇ ಅದನ್ನು ಹೇಳುತ್ತದೆ.

ಮೊದಲು ಊರು ಬದಲಾದರೂ ಬದಲಾಗದ ಹಣವನ್ನು ಪಕ್ಕಕ್ಕೆ ತೆಗೆದಿಡಿ. ಸಾಲದ ಕಂತು 12,000, ಅಪ್ಪ ಅಮ್ಮನಿಗೆ ಕಳಿಸುವುದು 8,000, ಎಸ್‌ಐಪಿ (ತಿಂಗಳ ಹೂಡಿಕೆ) 10,000, ವಿಮೆ 3,000. ಒಟ್ಟು 33,000. ನೀವು ಮೈಸೂರಿಗೆ ಹೋದಿರಿ ಎಂದು ಬ್ಯಾಂಕು ಕಂತು ಇಳಿಸುವುದಿಲ್ಲ.

ಆಮೇಲೆ ದಿನಸಿ, ಗ್ಯಾಸ್, ಔಷಧಿ, ಮೊಬೈಲ್, ಬಟ್ಟೆ: 17,000. ಇದರಲ್ಲಿ ಹೆಚ್ಚಿನದು ಎಂಆರ್‌ಪಿ ಮುದ್ರಿಸಿಕೊಂಡು ಬರುವ ಸರಕು. ತರಕಾರಿ, ಹಾಲು, ಮನೆಗೆಲಸದವರ ಸಂಬಳದಲ್ಲಿ ಒಂದಿಷ್ಟು ಇಳಿಯಬಹುದು. ನೀವು ವಿಚಾರಿಸಿದ ದರದಲ್ಲಿ ಇದು 16,500. ಗೃಹಜ್ಯೋತಿ, ಶಕ್ತಿ ಯೋಜನೆಗಳು ರಾಜ್ಯಕ್ಕೆಲ್ಲ ಒಂದೇ. ಅವನ್ನು ಮೈಸೂರಿನ ಉಳಿತಾಯದ ಖಾತೆಗೆ ಬರೆದಿದ್ದೀರಿ, ತೆಗೆಯಿರಿ.

ನಿಜವಾಗಿ ಇಳಿಯುವುದು ಮೂರೇ. ಬಾಡಿಗೆ 22,000ದಿಂದ 13,000ಕ್ಕೆ, ಶಾಲೆಯ ಖರ್ಚು 8,000ದಿಂದ 5,000ಕ್ಕೆ, ಓಡಾಟ 5,000ದಿಂದ 2,500ಕ್ಕೆ. ಎಲ್ಲ ಕೂಡಿಸಿದರೆ ಮೈಸೂರಿನಲ್ಲಿ ನಿಮಗೆ ಬೇಕಾಗುವುದು 70,000. ಸಿಗುವುದು 65,000.

ಜಾಲತಾಣದ ಶೇ 30 ಪೂರ್ತಿ ಸುಳ್ಳೂ ಅಲ್ಲ. ಊರಿನಲ್ಲಿ ನೀವು ಖರ್ಚು ಮಾಡುವ 52,000ದಲ್ಲಿ 15,000 ಇಳಿಯಿತು, ಅದು ಹತ್ತಿರ ಹತ್ತಿರ ಶೇ 29. ಆದರೆ ಇಡೀ 85,000ಕ್ಕೆ ನೋಡಿದರೆ ಶೇ 18 ಕೂಡ ಆಗುವುದಿಲ್ಲ. ಖರ್ಚಿನ ಮೇಲೆ ಹಾಕಬೇಕಾದ ಶೇಕಡಾವಾರನ್ನು ಸಂಬಳದ ಮೇಲೆ ಹಾಕಿದ್ದೇ ತಪ್ಪು. ಸಾಲ ಮತ್ತು ಉಳಿತಾಯ ಹೆಚ್ಚಿದ್ದಷ್ಟೂ ಈ ತಪ್ಪು ದೊಡ್ಡದಾಗುತ್ತದೆ.

ಇನ್ನು ಪಟ್ಟಿಯಲ್ಲಿ ಯಾರೂ ಬರೆಯದ ಬಾಬ್ತುಗಳು. ಬೆಂಗಳೂರಿನ ಮಾಲೀಕರ ಬಳಿ ನಿಮ್ಮ ಹತ್ತು ತಿಂಗಳ ಅಡ್ವಾನ್ಸ್, 2,20,000 ಇದೆ. ಮೈಸೂರಿನಲ್ಲಿ 1,00,000 ಕೇಳಿದ್ದಾರೆ. ಬಿಡುಗಡೆಯಾಗುವ 1,20,000ಕ್ಕೆ ಶೇ 7 ಬಡ್ಡಿ ಹಿಡಿದರೆ ತಿಂಗಳಿಗೆ 700 ರೂ. ನಿಮ್ಮ ಪರವಾಗಿ. ಆದರೆ ಬಿಡುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ 22,000 ಮುರಿದುಕೊಳ್ಳುತ್ತಾರೆ. ಹೊಸ ಮನೆಯ ಬ್ರೋಕರ್‌ಗೆ 13,000. ಲಾರಿ, ಕೂಲಿ 15,000, ಶಾಲೆಯ ಪ್ರವೇಶ ಶುಲ್ಕ 30,000 ಇಟ್ಟುಕೊಳ್ಳಿ. ಒಟ್ಟು 80,000. ಎರಡು ವರ್ಷಕ್ಕೆ ಹಂಚಿದರೆ ತಿಂಗಳಿಗೆ 3,300. ಕೊರತೆ 7,600ಕ್ಕೆ ಏರಿತು. ಎರಡು ವರ್ಷದೊಳಗೆ ವಾಪಸು ಬರುವ ಯೋಚನೆ ಇದ್ದರೆ ಹೋಗಲೇಬೇಡಿ.

ಬಾಡಿಗೆ ಹೋಲಿಸುವಾಗ ಮನೆಯ ಅಳತೆ ಮಾತ್ರ ನೋಡಿದರೆ ಸಾಲದು. ಕಾವೇರಿ ನೀರೋ, ಬೋರ್‌ವೆಲ್ಲೋ, ಟ್ಯಾಂಕರೋ ಕೇಳಿ. ತಲಾ ದಿನಕ್ಕೆ 135 ಲೀಟರ್ ಎಂದರೂ ಮೂವರಿಗೆ ತಿಂಗಳಿಗೆ ಸುಮಾರು 12,000 ಲೀಟರ್ ಬೇಕು, ಅಂದರೆ 6,000 ಲೀಟರಿನ ಎರಡು ಟ್ಯಾಂಕರ್. ಮೇಂಟೆನೆನ್ಸ್‌ನಲ್ಲಿ ಜನರೇಟರ್ ಡೀಸೆಲ್ ಸೇರಿದೆಯೇ, ವರ್ಷಕ್ಕೆ ಬಾಡಿಗೆ ಏರಿಕೆ ಶೇ 5ಓ 10ಓ, ಕರಾರಿನಲ್ಲೇ ನೋಡಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ವಿನಾಯಿತಿ ಪಡೆಯುತ್ತಿದ್ದರೆ, ಬಾಡಿಗೆ ಇಳಿದಾಗ ವಿನಾಯಿತಿಯೂ ಇಳಿಯಬಹುದು. ಹೊಸ ಪದ್ಧತಿಯಲ್ಲಿ ಆ ವಿನಾಯಿತಿಯೇ ಇಲ್ಲ.

ನಿಮ್ಮ ಹೆಂಡತಿಗೆ ಕೆಲಸವಿದೆಯೇ ಎಂದು ಪತ್ರದಲ್ಲಿ ಇಲ್ಲ. ಇದ್ದರೆ ಮೇಲಿನ ಲೆಕ್ಕವನ್ನೆಲ್ಲ ಬದಿಗಿಟ್ಟು ಅಲ್ಲಿಂದಲೇ ಶುರು ಮಾಡಿ. ಅವರ ಸಂಬಳ ನಿಂತರೆ ಯಾವ ಬಾಡಿಗೆಯ ಉಳಿತಾಯವೂ ಅದನ್ನು ತುಂಬುವುದಿಲ್ಲ.

ನನ್ನ ಸಲಹೆ: 73,000ಕ್ಕಿಂತ ಕಡಿಮೆಗೆ ಒಪ್ಪಬೇಡಿ. ಮಗುವಿನ ಜೊತೆ ಸಂಜೆ ಕಳೆಯಲು, ದಿನಕ್ಕೆ ಎರಡು ತಾಸು ಟ್ರಾಫಿಕ್ಕಿನಿಂದ ತಪ್ಪಿಸಿಕೊಳ್ಳಲು ಅಷ್ಟು ಹಣ ಬಿಡುತ್ತೇನೆ ಅಂದರೆ ಅದು ಗೌರವದ ನಿರ್ಧಾರವೇ. ಆದರೆ ಎಷ್ಟು ಬಿಡುತ್ತಿದ್ದೀರಿ ಎಂದು ತಿಳಿದು ಬಿಡಿ.

ಪ್ರಶ್ನೆ: ಮೈಸೂರಿನಲ್ಲಿ ಮನೆ ಮಾಡಿ ಹೆದ್ದಾರಿಯಲ್ಲಿ ದಿನವೂ ಕಾರಿನಲ್ಲಿ ಬೆಂಗಳೂರಿಗೆ ಹೋಗಿಬರಬಹುದು ಎಂದು ವಿಡಿಯೊದಲ್ಲಿ ಹೇಳುತ್ತಾರೆ. ಸರಿಯೇ?

ಹಾಗೆ ಹೇಳುವವರು ಸೈಟು ಮಾರುವವರೇ ಎಂದು ಮೊದಲು ವಿಚಾರಿಸಿ. 2023ರಲ್ಲಿ ತೆರೆದ ಆ ರಸ್ತೆ ಸುಮಾರು 118 ಕಿ.ಮೀ. ಹೋಗಿಬರಲು 236. ಲೀಟರಿಗೆ 15 ಕಿ.ಮೀ., ಪೆಟ್ರೋಲ್ 100 ರೂ. ಎಂದೇ ಹಿಡಿದರೂ ದಿನಕ್ಕೆ 1,570, 22 ದಿನಕ್ಕೆ 34,000 ದಾಟುತ್ತದೆ. ಟೋಲ್ ಬೇರೆ. ಬೆಂಗಳೂರಿನ ಒಳಗಿನ ಟ್ರಾಫಿಕ್ಕಿನ ಸಮಯ ಅವರು ಹೇಳುವುದೇ ಇಲ್ಲ. ಬೈಕಿನಲ್ಲಿ ಹೋಗುತ್ತೇನೆ ಎನ್ನಬೇಡಿ, ಮುಖ್ಯ ರಸ್ತೆಗೆ ಬೈಕುಗಳನ್ನು ಬಿಡುವುದಿಲ್ಲ.

ಪ್ರಶ್ನೆ: ಗ್ರಾಹಕ ಬೆಲೆ ಸೂಚ್ಯಂಕ ಯಾವ ಊರಿನಲ್ಲಿ ಹೆಚ್ಚಿದೆಯೋ ಆ ಊರು ದುಬಾರಿ ಅಲ್ಲವೇ?

ಅಲ್ಲ, ಅಲ್ಲ. ಇದನ್ನು ಎಷ್ಟು ಸಲ ಬರೆದರೂ ಮತ್ತೆ ಬರುತ್ತದೆ. ಲೇಬರ್ ಬ್ಯೂರೊದ ಕೈಗಾರಿಕಾ ಕಾರ್ಮಿಕರ ಸೂಚ್ಯಂಕದಲ್ಲಿ ಬೆಂಗಳೂರಿನ 2016ರ ಬೆಲೆಯೂ 100, ಮೈಸೂರಿನ 2016ರ ಬೆಲೆಯೂ 100. ಆಮೇಲೆ ಆಯಾ ಊರಿನಲ್ಲಿ ಬೆಲೆ ಎಷ್ಟು ಏರಿತು ಎಂಬುದಷ್ಟೇ ಅದರಲ್ಲಿದೆ. ಊರು ಊರಿನ ಬೆಲೆ ಹೋಲಿಸಲು ಅದು ಬರುವುದಿಲ್ಲ.

ಪ್ರಶ್ನೆ: ಸರ್ಕಾರಿ ಎಚ್‌ಆರ್‌ಎ ಬೆಂಗಳೂರಿಗೆ ಶೇ 30, ಮೈಸೂರಿಗೆ ಶೇ 20. ಬಾಡಿಗೆಯೂ ಅದೇ ಅನುಪಾತದಲ್ಲಿ ಇರುತ್ತದೆಯೇ?

ಇಲ್ಲ. ಕೇಂದ್ರ ಸರ್ಕಾರದ ಆ ವಿಂಗಡಣೆ ಜನಸಂಖ್ಯೆ ನೋಡಿ ಮಾಡಿದ್ದು. 50 ಲಕ್ಷ ದಾಟಿದರೆ ಮೊದಲ ದರ್ಜೆ.

ಪ್ರಶ್ನೆ: ಅಮೆರಿಕದ ಸಂಬಳವನ್ನು ಕೊಳ್ಳುವ ಶಕ್ತಿಯ ದರದಲ್ಲಿ, ಡಾಲರಿಗೆ 20 ರೂ. ಲೆಕ್ಕದಲ್ಲಿ ಬದಲಿಸಿ ನೋಡಿದರೆ ಊರಿಗೆ ಮರಳುವುದೇ ಲಾಭ ಎನಿಸುತ್ತದೆ.

ಅಲ್ಲಿ ಒಂದು ಡಾಲರಿಗೆ ಸಿಗುವಷ್ಟನ್ನು ಇಲ್ಲಿ ಕೊಳ್ಳಲು ಎಷ್ಟು ರೂಪಾಯಿ ಬೇಕು ಎಂಬುದೇ ಆ ದರ. 2017ರ ಅಂತರರಾಷ್ಟ್ರೀಯ ಬೆಲೆ ಹೋಲಿಕೆಯಲ್ಲಿ ಅದು 20.65 ಇತ್ತು, ಆಗ ವಿನಿಮಯ ದರ 65 ರೂ. ಸುಮಾರು. ಆದರೆ ಅದು ಇಡೀ ದೇಶದ ಉತ್ಪನ್ನವನ್ನು, ಸರ್ಕಾರದ ವೆಚ್ಚವನ್ನೂ ಸೇರಿಸಿ ಅಳೆದ ದರ. ಅಲ್ಲಿ ತಿಂದು ಖರ್ಚು ಮಾಡುವ ಡಾಲರಿಗೆ ಒರಟು ಅಂದಾಜಾಗಿ ನಡೆದೀತು. ಉಳಿಸಿ ಇಲ್ಲಿಗೆ ತರುವ ಡಾಲರನ್ನು ಬ್ಯಾಂಕಿನ ವಿನಿಮಯ ದರದಲ್ಲೇ ಲೆಕ್ಕ ಹಾಕಿ. ಎರಡನ್ನೂ ಬೇರೆ ಬೇರೆ ಬರೆದು ಮತ್ತೊಮ್ಮೆ ಪತ್ರ ಕಳಿಸಿ.